ಕೂತ ನೊಣವೆಲ್ಲ ಕಾಯಿ ಕಟ್ಟಿಸುವುದಿಲ್ಲ

ಕಾಡುಜೇನು ಮತ್ತು ಹೂಗಿಡಗಳ ನಂಟಿನ ಬಗ್ಗೆ ನಮ್ಮಲ್ಲಿ ಬರುವ ಸಂಶೋಧನಾ ಬರಹಗಳಲ್ಲಿ ಬಹಳಷ್ಟು ಹಾಜರಿ ಪುಸ್ತಕದಂತಿರುತ್ತವೆ. ಇಂಥ ಹೂವಿಗೆ ಇಷ್ಟು ಜಾತಿಯ ನೊಣ ಬಂದವು, ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ಅಲ್ಲಿಗೆ ಮುಗಿಯಿತು. ಬಂದ ನೊಣ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸಿತೋ, ಮಕರಂದ ಹೀರಿ ಹಾಗೇ ಹೋಯಿತೋ? ಅದರ ಗೂಡು ಎಲ್ಲಿದೆ? ಈ ಹೂವಿನ ಕಾಲ ಮುಗಿದ ಮೇಲೆ ಅದು ಏನು ತಿಂದು ಬದುಕುತ್ತದೆ? ಪರಿಸರ ವಿಜ್ಞಾನ ಶುರುವಾಗುವುದೇ ಈ ಪ್ರಶ್ನೆಗಳಿಂದ. ಪಟ್ಟಿ ಬೇಡವೆಂದಲ್ಲ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು, ಭಾರತದಲ್ಲಿ 700ಕ್ಕೂ ಹೆಚ್ಚು ಜಾತಿಯ ಜೇನ್ನೊಣಗಳಿರುವಾಗ ಯಾವುದು ಯಾವುದೆಂದು ಗುರುತಿಸುವುದೇ ದೊಡ್ಡ ಕೆಲಸ. ಆದರೆ ಪಟ್ಟಿಯನ್ನೇ ಫಲಿತಾಂಶವೆಂದು ಒಪ್ಪಿಸುವ ರೂಢಿಯನ್ನು ಒಪ್ಪಲಾಗದು.

ಕೋವಾಡದ ಸುತ್ತಲಿನ ನೆಲವನ್ನೇ ನೋಡಿ. ತಾಮ್ರಪರ್ಣಿ ದಂಡೆಯ ಈ ಊರು ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲೂಕಿನದು. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಗುಡ್ಡದ ಇಳಿಜಾರಿನಲ್ಲಿ ಗೇರು, ಹೊಳೆಬದಿಗೆ ಕಬ್ಬು. ಗಡಹಿಂಗ್ಲಜ ದಾಟಿ ಇಚಲಕರಂಜಿಯತ್ತ ಇಳಿದರೆ ಕಬ್ಬೇ ಕಬ್ಬು. ಕಬ್ಬಿಗೆ ಜೇನಿನ ಹಂಗಿಲ್ಲ, ತುಂಡು ನೆಟ್ಟರೆ ಬೆಳೆಯುತ್ತದೆ. ಗೇರಿನ ಕಥೆ ಬೇರೆ. ಅದರ ಪರಾಗ ಅಂಟಂಟು, ಗಾಳಿಯನ್ನು ನಂಬಿ ಕೂರುವಂತಿಲ್ಲ. ಗೊಂಚಲಿನ ತುಂಬ ಗಂಡು ಹೂಗಳು, ನಡುನಡುವೆ ದ್ವಿಲಿಂಗಿ ಹೂ. ಕಾಯಿ ಕಟ್ಟುವುದು ಇವುಗಳಲ್ಲಿ ಮಾತ್ರ. ತಿಳಿಬಣ್ಣದ ಎಸಳು ದಿನ ಕಳೆದಂತೆ ಕೆಂಪಡರುತ್ತದೆ. ಅಂಥ ಹಳೆಯ ಹೂವಿನ ಮೇಲೆ ಕೂತ ನೊಣವನ್ನು ಎಣಿಸಿ ‘ಪರಾಗಸ್ಪರ್ಶಿ’ ಎಂದು ಬರೆದುಕೊಂಡರೆ ಲೆಕ್ಕವೇ ತಪ್ಪು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಗೇರು ಹೂವಿನಲ್ಲಿ ತುಡುವೆ ಜೇನಿನ ಜೊತೆಗೆ ಬ್ರೌನ್ಸಾಪಿಸ್‌ನಂಥ ಪುಟ್ಟ ಕಾಡುನೊಣಗಳನ್ನೂ ಗುರುತಿಸಿದ್ದಾರೆ. ಬ್ರೌನ್ಸಾಪಿಸ್ ಗೂಡು ಮಾಡುವುದು ಒಣಗಿದ ಕಡ್ಡಿಯೊಳಗೆ. ತೋಟ ಚೊಕ್ಕಟ ಮಾಡುತ್ತೇವೆಂದು ಬದುವಿನ ಒಣಕಡ್ಡಿಯನ್ನೆಲ್ಲ ಸುಟ್ಟರೆ ಹೂವಿನ ಕಾಲಕ್ಕೆ ನೊಣವೆಲ್ಲಿಂದ ಬರಬೇಕು? ಹಾಗಾಗಿ ಹೂವಿನ ಅಧ್ಯಯನಕ್ಕೆ ಹೊರಟವರು ಬದುವನ್ನೂ ನೋಡಬೇಕು.

ನಾನು ಬಹಳ ಮೆಚ್ಚಿದ ಕೆಲಸ ನಡೆದದ್ದು ಇದೇ ಸಹ್ಯಾದ್ರಿ ಸಾಲಿನಲ್ಲಿ, ಇನ್ನಷ್ಟು ಉತ್ತರಕ್ಕೆ, ಭೀಮಾಶಂಕರದ ಕಾಡಿನಲ್ಲಿ. ಹೇಮಾ ಸೋಮನಾಥನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ 2001ರಲ್ಲಿ ಪ್ರಕಟಿಸಿದ ಪ್ರಬಂಧವದು. ಮರಾಠಿಯವರು ವಾರಸ ಎನ್ನುವ ಮರ ರಾತ್ರಿ ಹೂ ಅರಳಿಸುತ್ತದೆ. ರಾತ್ರಿ ಅರಳುವ ಹೂವಿಗೆ ಬಾವಲಿ ಅಥವಾ ಪತಂಗ ಬರುತ್ತದೆ ಎಂಬುದು ರೂಢಿಯ ಊಹೆ. ಇವರು ರಾತ್ರಿಯೆಲ್ಲ ಮರ ಕಾದು ಕಂಡದ್ದು ಗುಂಗಿಹುಳವನ್ನು, ಜೈಲೋಕೋಪ ಟೆನ್ಯುಸ್ಕಾಪಾ ಎಂಬ ಕರಿದುಂಬಿಯನ್ನು. ಕಂಡದ್ದಷ್ಟಕ್ಕೇ ನಿಲ್ಲಿಸದೆ, ಮರದಲ್ಲಿ ಹೂ ಎಷ್ಟಿದ್ದರೆ ಕಾಯಿ ಎಷ್ಟು ನಿಲ್ಲುತ್ತದೆ ಎಂದೂ ನೋಡಿದರು. ಹಗಲು ಹತ್ತು ಗಂಟೆಗೆ ನೋಟ್‌ಬುಕ್ ಹಿಡಿದು ಹೋದವರಿಗೆ ಈ ಸಂಬಂಧ ಎಂದೂ ಸಿಗುತ್ತಿರಲಿಲ್ಲ.

ಮುಂದೆ 2008ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಅಲ್ಮುಟ್ ಕೆಲ್ಬರ್ ಮತ್ತು ಎರಿಕ್ ವಾರಂಟ್ ಜೊತೆ ಸೇರಿ ಇದೇ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಅಮಾವಾಸ್ಯೆಯಲ್ಲೂ ಹಾರುವ ಜೈಲೋಕೋಪ ಟ್ರಾಂಕ್ವೆಬಾರಿಕಾ ಎಂಬ ಇನ್ನೊಂದು ಗುಂಗಿಹುಳದ ಗೂಡಿನ ಬಳಿ ಬಣ್ಣದ ಗುರುತುಗಳನ್ನಿಟ್ಟು ಪರೀಕ್ಷಿಸಿದರು. ನಮ್ಮ ಕಣ್ಣಿಗೆ ಎಲ್ಲವೂ ಬೂದುಬಣ್ಣವಾಗಿ ಕಾಣುವ ನಕ್ಷತ್ರದ ಬೆಳಕಿನಲ್ಲೂ ಈ ದುಂಬಿ ಬಣ್ಣ ಹಿಡಿದು ತನ್ನ ಗೂಡು ಗುರುತಿಸಿತು. ಹೂವಿನಿಂದ ಹೊರಟ ಪ್ರಶ್ನೆ ದುಂಬಿಯ ಕಣ್ಣಿನ ತನಕ ಹೋಯಿತು. ಒಂದೇ ಕಾಡಿಗೆ ಮತ್ತೆ ಮತ್ತೆ ಹೋಗುವ ತಾಳ್ಮೆಯಿಲ್ಲದೆ ಇಂಥ ವಿಜ್ಞಾನ ಹುಟ್ಟುವುದಿಲ್ಲ. ಕೆಲವೇ ವರ್ಷದ ಅನುದಾನ ಕೊಟ್ಟು ವರದಿ ಕೇಳುವ ನಮ್ಮ ಪದ್ಧತಿ ಈ ತಾಳ್ಮೆಗೆ ಎಡೆ ಕೊಡುವುದೂ ಇಲ್ಲ.

ಏಲಕ್ಕಿಯ ಮೇಲಿನ ಕೆಲಸವೂ ಅಷ್ಟೇ ತೂಕದ್ದು. ಗಿಬಿ ಕುರಿಯಾಕೋಸ್, ಪಿ. ಎ. ಸಿನು ಮತ್ತು ಕೆ. ಆರ್. ಶಿವಣ್ಣ 2009ರಲ್ಲಿ ಕಾಡಿನ ಏಲಕ್ಕಿಯನ್ನೂ ತೋಟದ ಏಲಕ್ಕಿಯನ್ನೂ ಹೋಲಿಸಿದರು. ಕಾಡಿನಲ್ಲಿ ಪರಾಗ ಸಾಗಿಸುವವು ಮೆಗಾಕೈಲ್, ಅಮೆಗಿಲ್ಲಾದಂಥ ಒಂಟಿ ನೊಣಗಳು. ತೋಟದಲ್ಲಿ ಆ ಕೆಲಸ ಹೆಜ್ಜೇನು, ತುಡುವೆ, ಮುಜಂಟಿಗಳದು. ಮನುಷ್ಯ ಗಿಡವನ್ನು ಪಳಗಿಸಿದಾಗ ಅದರ ಸಂಗಾತಿಯೂ ಬದಲಾಯಿತು. ಇದನ್ನು ಓದಿ ‘ಜೇನುಪೆಟ್ಟಿಗೆ ಇಟ್ಟರೆ ಸಾಕು, ಕಾಡುನೊಣ ಯಾಕೆ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಆದರೆ ತಪ್ಪು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಒಂದೇ ಜಾತಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆಂದು ಆಗಲೇ ಕಂಡಾಗಿದೆ.

ಕೊಡಗಿನ ಕಾಫಿ ತೋಟಗಳಲ್ಲಿ ಸ್ಮಿತಾ ಕೃಷ್ಣನ್, ಚೆಪ್ಪುಡಿರ ಕುಶಾಲಪ್ಪ, ವಿರ್ಜಿನೀ ಬೋರೋ, ಜಬೂರಿ ಘಜೂಲ್ ಮೊದಲಾದವರು ಮಾಡಿದ ಸರಣಿ ಅಧ್ಯಯನಗಳು ಹೆಜ್ಜೇನಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದವು, ನೀರು ಹಾಯಿಸುವಂಥ ತೋಟಗಾರಿಕೆಯ ಕ್ರಮವೂ ಕಾಯಿ ಕಟ್ಟುವುದರಲ್ಲಿ ಪಾಲುದಾರ ಎಂದು ತೋರಿಸಿದವು. ನನ್ನ ತಕರಾರು ಚೌಕಟ್ಟಿನ ಬಗ್ಗೆ. ಕಾಫಿ ಹೂ ಇರುವುದು ಕೆಲವೇ ದಿನ. ಉಳಿದ ತಿಂಗಳುಗಳಲ್ಲಿ ಹೆಜ್ಜೇನನ್ನು ಸಾಕುವ ಮರಗಳು ಇಂಥ ಇಳುವರಿಯ ಲೆಕ್ಕದಲ್ಲಿ ಹಿನ್ನೆಲೆಯಾಗಿಬಿಡುತ್ತವೆ.

ಕೊಲ್ಹಾಪುರಕ್ಕೆ ಒಂದು ಅನುಕೂಲವಿದೆ. ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಎಂ. ಎಂ. ಸರ್ದೇಸಾಯಿ 2002ರಲ್ಲೇ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಕೊಟ್ಟಿದ್ದಾರೆ. ನೊಣಗಳ ಕಡೆ ಕೀಟತಜ್ಞ ಬಿಂಗ್‌ಹ್ಯಾಮ್‌ನ 1897ರ ಸಂಪುಟ ಇಂದಿಗೂ ಕೈಗೆ ಬೇಕಾಗುತ್ತದೆ. ಆದರೆ ಅದು ಹೇಳುವುದು ನೊಣದ ಮೈಬಣ್ಣ, ರೆಕ್ಕೆಯ ನರ, ಸಿಕ್ಕ ಊರು. ಯಾವ ಹೂವಿನಲ್ಲಿತ್ತು ಎಂಬುದು ಅಲ್ಲಿನ ಮುಖ್ಯ ವಿಷಯವಲ್ಲ. ಗಿಡದವರು ಗಿಡ ಒಣಗಿಸಿ ಹಾಳೆಗೆ ಅಂಟಿಸುತ್ತಾರೆ, ಹುಳುವಿನವರು ಹುಳುವಿಗೆ ಸೂಜಿ ಚುಚ್ಚುತ್ತಾರೆ. ಇಬ್ಬರ ಚೀಟಿಯಲ್ಲೂ ಇನ್ನೊಬ್ಬರ ಹೆಸರಿರುವುದು ಅಪರೂಪ. ಅತ್ತ ಭುದರಗಡ ತಾಲೂಕಿನ ಪಾಟಗಾವ್ ‘ಜೇನಿನ ಊರು’ ಎಂದು ಹೆಸರಾಗಿದೆ. ಸಂತೋಷ. ಪೆಟ್ಟಿಗೆಯ ಜೇನು ಹೆಚ್ಚಿದಲ್ಲಿ ಒಂಟಿ ನೊಣಗಳ ಪಾಲಿನ ಮಕರಂದ ಏನಾಗುತ್ತದೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಚಂದಗಡದ ಗೇರಿಗೆ ಬೇಕಾದ ಪ್ರಯೋಗ ದುಬಾರಿಯದಲ್ಲ. ಅರಳುವ ಮುನ್ನ ಗೊಂಚಲಿಗೆ ಬಲೆಯ ಚೀಲ ಕಟ್ಟಿ, ಹೊಸ ಹೂವಿಗೆ ಒಂದೇ ನೊಣವನ್ನು ಒಂದೇ ಸಲ ಬಿಟ್ಟು, ಮತ್ತೆ ಚೀಲ ಹಾಕಿ, ಕಾಯಿ ನಿಂತಿತೇ ಎಂದು ವಾರಗಟ್ಟಲೆ ಕಾಯುವುದು. ಜೊತೆಗೆ ಬದು, ಒಣಕಡ್ಡಿ, ಬರಿನೆಲಗಳಲ್ಲಿ ಗೂಡು ಹುಡುಕುವುದು. ಗಡಹಿಂಗ್ಲಜದ ಕಾಲೇಜು ಹುಡುಗರೂ ಬೆಳಗಾವಿಯ ಹುಡುಗರೂ ಒಂದೇ ನಮೂನೆಯಲ್ಲಿ ಬರೆದುಕೊಂಡರೆ ಗಡಿಯ ಎರಡೂ ಕಡೆಯ ಗೇರನ್ನು ಹೋಲಿಸಬಹುದು. ಡಿಸೆಂಬರಿನಲ್ಲಿ ಹೂ ಬಿಡಲು ಶುರುವಾಗುತ್ತದೆ. ಗೂಡು ಹುಡುಕುವ ಕೆಲಸ ಅದಕ್ಕಿಂತ ಮೊದಲೇ ಆಗಬೇಕು.