ಹೆಸರಿಲ್ಲದೆ ಬಂದ ತಾಳ

ನಂಜನಗೂಡು, ತಿ. ನರಸೀಪುರ ಸೀಮೆಯ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್‌ಸೆಟ್ಟಿನವರು ಊದುತ್ತಿದ್ದ ಹಳೆಯ ಹಿಂದಿ ಧಾಟಿಗಳಲ್ಲಿ ಒಂದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. 1954ರ ‘ಆರ್ ಪಾರ್’ ಚಿತ್ರದಲ್ಲಿ ಗೀತಾ ದತ್ ಹಾಡಿದ, ಪ್ರೀತಿಯ ದಾರಿಯಲ್ಲಿ ನೋಡಿಕೊಂಡು ನಡೆಯುವಂತೆ ಬಾಬೂಜಿಯೊಬ್ಬನಿಗೆ ಬುದ್ಧಿ ಹೇಳುವ ಹಾಡು ಅದು. ಸಂಗೀತ ಓ.ಪಿ. ನಯ್ಯರ್ ಅವರದು, ಸಾಹಿತ್ಯ ಮಜ್ರೂಹ್ ಸುಲ್ತಾನ್‌ಪುರಿಯವರದು. ಸಿನಿಮಾ ಹಾಡೆಂದರೆ ಮುಖ ಗಂಟಿಕ್ಕುತ್ತಿದ್ದ ಉರ್ದು ಮನೆಗಳಲ್ಲೂ ‘ಮಜ್ರೂಹ್ ಸಾಹೇಬರ ಕಲಾಮು’ ಎಂಬ ಕಾರಣಕ್ಕೆ ಅದಕ್ಕೊಂದು ರಿಯಾಯಿತಿ ಇತ್ತು. ಹೀಗೆ ನಮ್ಮದೇ ಎಂದುಕೊಂಡಿದ್ದ ಈ ಧಾಟಿಯ ಎತ್ತುಗಡೆ ಕ್ಯೂಬಾ ದ್ವೀಪದ್ದು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಓಸ್ವಾಲ್ದೊ ಫಾರ್ರೆಸ್ ಎಂಬ ಕ್ಯೂಬಾದ ಸಂಗೀತಗಾರ 1947ರಲ್ಲಿ ‘ಕಿಸಾಸ್, ಕಿಸಾಸ್, ಕಿಸಾಸ್’ ಎಂಬ ಬೊಲೆರೊ ಕಟ್ಟಿದ. ಬೊಲೆರೊ ಅಂದರೆ ಅಲ್ಲಿಯ ನಿಧಾನಗತಿಯ ಪ್ರೇಮಗೀತೆ. ಕಿಸಾಸ್ ಎಂದರೆ ಅರಬ್ಬಿ, ಉರ್ದು ಬಲ್ಲವರಿಗೆ ಕೊಲೆಗೆ ಕೊಲೆಯ ಶಿಕ್ಷೆ ನೆನಪಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ‘ಬಹುಶಃ’ ಎಂದಷ್ಟೆ. ಪ್ರೇಮಿ ಕೇಳುತ್ತಲೇ ಹೋಗುತ್ತಾನೆ, ಅತ್ತ ಕಡೆಯಿಂದ ‘ಬಹುಶಃ’ ಬಿಟ್ಟು ಬೇರೆ ಉತ್ತರವಿಲ್ಲ. ನಯ್ಯರ್ ಅದರ ಎತ್ತುಗಡೆಯನ್ನು ತೆಗೆದುಕೊಂಡು ನಡಿಗೆಯನ್ನು ಚುರುಕು ಮಾಡಿದರು. ಮಜ್ರೂಹ್ ಅಂತೂ ಅರ್ಥವನ್ನೇ ತಿರುವಿದರು. ಅಲ್ಲಿ ಗಂಡು ಕಾಯುತ್ತಾನೆ, ಇಲ್ಲಿ ಹೆಣ್ಣು ಎಚ್ಚರಿಸುತ್ತಾಳೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದವರು ಇದನ್ನು ಬರೀ ಕಳ್ಳತನ ಎನ್ನಲಾರರು. ಆದರೆ ಚಿತ್ರದ ಸಂಗೀತವೆಲ್ಲ ನಯ್ಯರ್ ಹೆಸರಿನಲ್ಲಿದೆ, ಫಾರ್ರೆಸ್ ಹೆಸರು ಎಲ್ಲೂ ಇಲ್ಲ.

ಸಂಗೀತ ಊರಿಂದೂರಿಗೆ ಹೋಗುವುದು ಹೊಸದಲ್ಲ. ಪಡೆದುಕೊಳ್ಳುವುದು ತಪ್ಪೂ ಅಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಧಾಟಿ ಬಂತು, ತಾಳ ಬಂತು, ಅವುಗಳನ್ನು ಮಾಡಿದವರ ಹೆಸರು ಯಾಕೆ ಬರಲಿಲ್ಲ? ಬೊಂಗೊ, ಕೊಂಗ, ಮರಾಕಸ್‌ಗಳನ್ನು ಮುಂಬಯಿಯ ಚಿತ್ರಗೀತೆಗಳಿಗೆ ತಂದವರಲ್ಲಿ ಕವಾಸ್ ಲಾರ್ಡ್ ಎಂಬ ಪಾರ್ಸಿ ತಾಳವಾದಕರು ಪ್ರಮುಖರು. ಆ ಕಾಲದ ಚಿತ್ರಗಳ ಶೀರ್ಷಿಕೆಯಲ್ಲಿ ಇಂಥವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಆ ತಾಳದ ಹಿಂದಿದ್ದ ಕ್ಯೂಬಾದ ಕರಿಯರ ಹೆಸರಂತೂ ದೂರದ ಮಾತಾಯಿತು.

ಮೊದಲು ತಾಳದ ಮಾತು. ಕ್ಯೂಬಾದ ‘ಸೋನ್’ ಎಂಬ ಸಂಗೀತಕ್ಕೆ ಬೆನ್ನೆಲುಬಾಗಿರುವುದು ಐದು ಪೆಟ್ಟು. ಹದಿನಾರು ಎಣಿಸುತ್ತ 1, 4, 7, 11, 13ನೆಯ ಎಣಿಕೆಗೆ ಚಪ್ಪಾಳೆ ತಟ್ಟಿ ನೋಡಿ. ಮೊದಲ ಅರ್ಧದಲ್ಲಿ ಮೂರು, ಎರಡನೆಯ ಅರ್ಧದಲ್ಲಿ ಎರಡು. ಮೊದಲರ್ಧ ಎಳೆಯುತ್ತದೆ, ಎರಡನೆಯದು ನೆಲಕ್ಕೆ ಊರುತ್ತದೆ. ಇದಕ್ಕೆ ‘ಕ್ಲಾವೆ’ ಎನ್ನುತ್ತಾರೆ, ಇದನ್ನು ನುಡಿಸುವ ಎರಡು ಮರದ ತುಂಡುಗಳಿಗೂ ಅದೇ ಹೆಸರು. ಹವಾನಾ ಬಂದರಿನಲ್ಲಿ ಹಡಗು ಕಟ್ಟಲು ಬಳಸುತ್ತಿದ್ದ ಮರದ ಗೂಟಗಳೇ ಈ ವಾದ್ಯವಾದವು ಎಂದು ಹೇಳುತ್ತಾರೆ. ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳು ಕಾಪಾಡಿಕೊಂಡ ತಾಳ ಇದು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಆಮೇಲೂ ಹಲವು ವರ್ಷ ಅವರ ಡೋಲುಗಳ ಮೇಲೆ ಪೊಲೀಸರ ಕಣ್ಣಿತ್ತು.

ಈ ತಾಳ ಮೊದಲ ಬಾರಿಗೆ ಲೋಕವನ್ನು ಸುತ್ತಿದ್ದು ಒಬ್ಬ ಕಡಲೆಕಾಯಿ ಮಾರುವವನ ಕೂಗಿನ ಜೊತೆ. ಮೊಯಿಸೆಸ್ ಸಿಮೊನ್ಸ್ ಕಟ್ಟಿದ ‘ಎಲ್ ಮನಿಸೆರೊ’ ಹಾಡನ್ನು ದೋನ್ ಆಸ್ಪಿಯಾಸು ಅವರ ವಾದ್ಯವೃಂದ 1930ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗೆ ನುಡಿಸಿತು, ಹಾಡಿದವರು ಆಂತೋನಿಯೊ ಮಚಿನ್. ಬೀದಿ ವ್ಯಾಪಾರಿಯ ಕೂಗನ್ನು ಹಾಡಾಗಿಸುವ ‘ಪ್ರೆಗೋನ್’ ಎಂಬ ಪ್ರಕಾರವೇ ಅಲ್ಲಿದೆ. ಹಾಡಿನ ಹೆಚ್ಚುಗಾರಿಕೆ ಇರುವುದು ಆ ಕೂಗು ಹತ್ತಿರ ಬಂದು, ತುಸು ಹೊತ್ತು ನಿಂತು, ಕೊನೆಗೆ ಬೀದಿಯ ತಿರುವಿನಲ್ಲಿ ಕರಗುವ ಬಗೆಯಲ್ಲಿ. ಆದರೆ ಕಂಪನಿಯವರು ಸೋನ್ ಜಾತಿಯ ಈ ಹಾಡಿಗೆ ‘ರುಂಬಾ’ ಎಂದು ಚೀಟಿ ಅಂಟಿಸಿದರು. ಬಂದ ಮೊದಲ ದಿನವೇ ಸಂಗೀತದ ಹೆಸರು ತಪ್ಪಿತು. ಆದರೂ ಅವರಲ್ಲಿ ಕಡಲೆಕಾಯಿಯವನ ಕೂಗು ತಟ್ಟೆ ಹತ್ತಿತಲ್ಲ ಎಂದು ನಮಗೆ ಹೊಟ್ಟೆಕಿಚ್ಚು. ನಂಜನಗೂಡಿನ ರಸಬಾಳೆ ಮಾರುತ್ತಿದ್ದವರ ಕೂಗನ್ನು ಯಾವ ತಟ್ಟೆಯಲ್ಲಿ ಹುಡುಕೋಣ? ಆ ಕಾಲದ ಗ್ರಾಮಫೋನ್ ತಟ್ಟೆಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಮೈ ನಮ್ಮದು, ದನಿ ಅವರದು.

ಇಡೀ ಪರಂಪರೆಯಲ್ಲಿ ನಾವು ಮತ್ತೆ ಮತ್ತೆ ಕೇಳುವುದು ಆರ್ಸೇನಿಯೊ ರೊಡ್ರೀಗೆಸ್ ಅವರನ್ನು. 1911ರಲ್ಲಿ ಹುಟ್ಟಿದ ಈ ಕರಿಯ ಕಲಾವಿದ ಬಾಲ್ಯದಲ್ಲೇ ಕಣ್ಣು ಕಳೆದುಕೊಂಡರು. ‘ತ್ರೆಸ್’ ಎಂಬ ಮೂರು ಜೋಡಿ ತಂತಿಯ ವಾದ್ಯ ಅವರದು. ಗುಲಾಮನೊಬ್ಬನ ಬಾಯಲ್ಲಿ ಬಿಡುಗಡೆಯ ಹಂಬಲವನ್ನು ಇಟ್ಟ ಅವರ ‘ಬ್ರೂಕಾ ಮನಿಗ್ವಾ’ 1937ರಲ್ಲಿ ತಟ್ಟೆಯಾಗಿ ಬಂದದ್ದು ಕಸಿನೊ ದೆ ಲಾ ಪ್ಲಾಯಾ ಎಂಬ ಬಿಳಿಯರ ವಾದ್ಯವೃಂದದ ಮೂಲಕ. ಕರಿಯರಿಗೆ ಪ್ರವೇಶವಿಲ್ಲದ ಕ್ಲಬ್ಬುಗಳಿಗೆ ಅವರ ಹಾಡು ಮಾತ್ರ ಹೋಯಿತು. 1940ರ ದಶಕದಲ್ಲಿ ಅವರು ತಮ್ಮದೇ ತಂಡಕ್ಕೆ ಕೊಂಗ, ಪಿಯಾನೊ, ಹೆಚ್ಚಿನ ಟ್ರಂಪೆಟ್‌ಗಳನ್ನು ಸೇರಿಸಿ ಸೋನ್‌ಗೆ ಹೊಸ ಮೈ ಕೊಟ್ಟರು. ಮುಂದೆ ಸಾಲ್ಸಾ ಎನಿಸಿಕೊಂಡದ್ದರ ಅಡಿಗಲ್ಲು ಇದೇ. ಆ ತಟ್ಟೆಗಳ ಒಂದು ಮುಖ ಸುಮಾರು ಮೂರು ನಿಮಿಷದ್ದು. ಹಾಡು ಮುಗಿದು ‘ಮೊಂತೂನೊ’ ಎಂಬ ಕೊನೆಯ ಭಾಗದಲ್ಲಿ ವಾದ್ಯಗಳು ಒಂದನ್ನೊಂದು ಕೆಣಕುತ್ತ ಏರುತ್ತವೆ. ನಮ್ಮ ಮೈ ಆ ತಾಳಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ತಟ್ಟೆ ಮುಗಿಯುತ್ತದೆ. ಕುಣಿಯುವವರ ಮುಂದೆ ಬಹು ಹೊತ್ತು ನಡೆಯಬೇಕಾದದ್ದನ್ನು ಮೂರು ನಿಮಿಷಕ್ಕೆ ಮಡಿಸಿಟ್ಟ ಬಿಗಿ ಅಲ್ಲಿದೆ.

ಆರ್ಸೇನಿಯೊ 1947ರಲ್ಲಿ ನ್ಯೂಯಾರ್ಕಿಗೆ ಹೋದದ್ದು ಕಣ್ಣಿನ ಡಾಕ್ಟರನ್ನು ಕಾಣಲು. ದೃಷ್ಟಿ ಮರಳದು ಎಂದು ಡಾಕ್ಟರು ಹೇಳಿದರು. ಆ ಆಘಾತದಿಂದ ಹುಟ್ಟಿದ್ದು ‘ಲಾ ವಿದಾ ಎಸ್ ಉನ್ ಸುಯೆನ್ಯೊ’, ಬದುಕೊಂದು ಕನಸು ಎಂಬ ಬೊಲೆರೊ. ಅದನ್ನು ಕೇಳುವಾಗ ನಮಗೆ ನೆನಪಾಗುವುದು ನಂಜನಗೂಡಿನ ಕತೆ. ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣು ಹೋದಾಗ ನಂಜುಂಡೇಶ್ವರನ ಸೇವೆಯಿಂದ ಅದು ಮರಳಿತೆಂದೂ, ಸುಲ್ತಾನರು ಆತನನ್ನು ‘ಹಕೀಮ್ ನಂಜುಂಡ’ ಎಂದು ಕರೆದು ಪಚ್ಚೆಲಿಂಗ ಒಪ್ಪಿಸಿದರೆಂದೂ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹವಾನಾದಲ್ಲೂ ರೋಗ ಕಾಯುವ ಒಬ್ಬನಿದ್ದಾನೆ. ಆಫ್ರಿಕಾದ ಯೊರೂಬ ಜನರ ಬಬಲು ಅಯೆ ಅಲ್ಲಿ ಕ್ರೈಸ್ತರ ಸಂತ ಲಾಜರನ ಹೆಸರಿನಲ್ಲಿ ಪೂಜೆಗೊಳ್ಳುತ್ತಾನೆ. ಇವೆರಡೂ ಒಂದೇ ಅಲ್ಲ. ಅಲ್ಲಿ ದಬ್ಬಾಳಿಕೆಗೆ ಅಂಜಿ ದೈವ ಹೆಸರು ಮರೆಸಿಕೊಂಡಿತು, ಇಲ್ಲಿ ಅರಸನೇ ತನ್ನ ಭಾಷೆಯ ಗೌರವದ ಪದವನ್ನು ದೈವಕ್ಕೆ ಕೊಟ್ಟ. ಹೆಸರು ಕಳೆಯುವುದಕ್ಕೂ ಹೆಸರು ಕೂಡಿಸುವುದಕ್ಕೂ ಇರುವ ಈ ಅಂತರವೇ ನಮ್ಮ ಮಾತಿನ ತಿರುಳು.

ಹೆಸರು ಉಳಿದದ್ದರ ಉದಾಹರಣೆಯೂ ನಮ್ಮಲ್ಲಿದೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಆರ್ಸೇನಿಯೊ ಟ್ರಂಪೆಟ್ ಕೂಡಿಸಿದ್ದೂ ಚೌಡಯ್ಯ ತಂತಿ ಕೂಡಿಸಿದ್ದೂ ಕೇಳುಗರ ಕಡೆಗೆ ಇಟ್ಟ ಹೆಜ್ಜೆಗಳು. ಪಿಟೀಲು ಯೂರೋಪಿನ ವಾದ್ಯ ಎಂದು ಇವತ್ತು ಯಾರೂ ಅದನ್ನು ಕಚೇರಿಯಿಂದ ಎಬ್ಬಿಸುವುದಿಲ್ಲ. ಪಕ್ಕವಾದ್ಯಕ್ಕೆ ಕೂತವರ ಹೆಸರು ಹಾಡುವವರಷ್ಟೇ ದೊಡ್ಡದಾಗಬಹುದು ಎಂದು ಚೌಡಯ್ಯ ತೋರಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಂತು. ಅವರು 1943ರಲ್ಲಿ ತೆಗೆದ ‘ವಾಣಿ’ ಚಿತ್ರದಲ್ಲಿ ಚೆಂಬೈ ಅವರ ಹಾಡಿಗೆ ಅವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಇದೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಅವರ ಹೆಸರಿನಲ್ಲಿದೆ. ಸಂತೋಷ. ಅದೇ ಸಂಗಮದ ದಡದ ತಮಟೆಯವರ, ನಗಾರಿಯವರ, ಬ್ಯಾಂಡ್‌ಸೆಟ್ಟಿನವರ ಹೆಸರು ಎಷ್ಟು ಉಳಿದಿವೆ?

ಮರಳಿ ಕ್ಯೂಬಾಕ್ಕೆ ಬಂದರೆ, ಸಾಲ್ಸಾ ಎಂಬ ಪದವೇ ಒಂದು ತಕರಾರು. ನ್ಯೂಯಾರ್ಕಿನಲ್ಲಿ 1964ರಲ್ಲಿ ಜಾನಿ ಪಚೆಕೊ ಎಂಬ ಸಂಗೀತಗಾರ ಮತ್ತು ಜೆರ್ರಿ ಮಸೂಚಿ ಎಂಬ ವಕೀಲ ಸೇರಿ ಫಾನಿಯಾ ಕಂಪನಿ ಶುರುಮಾಡಿದರು. ಕ್ಯೂಬಾದ ಸೋನ್, ಪೋರ್ಟೊ ರಿಕೊದ ವಲಸಿಗರ ಬೀದಿ, ಅಮೆರಿಕದ ಜಾಜ್ ಕೂಡಿದ ಸಂಗೀತವನ್ನು ಅವರು ಸಾಲ್ಸಾ ಎಂದು ಮಾರಿದರು. ಸಾಲ್ಸಾ ಎಂದರೆ ಗೊಜ್ಜು. ಅದು ತಿನ್ನುವ ಪದಾರ್ಥ, ತಾನು ನುಡಿಸುವುದು ಕ್ಯೂಬಾದ ಸಂಗೀತ ಎಂದು ತೀತೊ ಪುವೆಂತೆ ಗೊಣಗುತ್ತಿದ್ದರು. ಆ ತಟ್ಟೆಗಳ ಮೇಲೆ ಹಾಡು ಕಟ್ಟಿದವರ ಹೆಸರಿರಬೇಕಾದ ಜಾಗದಲ್ಲಿ ಎಷ್ಟೋ ಕಡೆ ‘ಡಿ.ಆರ್.’ ಎಂಬ ಎರಡಕ್ಷರ ಕಾಣುತ್ತದೆ. ಹಕ್ಕು ಕಾದಿರಿಸಿದೆ ಎಂದು ಅದರ ಅರ್ಥ. ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ದಿಗ್ಬಂಧನ ಹಾಕಿದ ಮೇಲೆ ಅಲ್ಲಿಯ ರಚನಕಾರರಿಗೆ ಹಣವೂ ಹೋಗಲಿಲ್ಲ, ಹೆಸರೂ ಉಳಿಯಲಿಲ್ಲ. ಯಾರ ಹಕ್ಕನ್ನು ಯಾರಿಗೆ ಕಾದಿರಿಸಿದರು?

ಎಲ್ಲರೂ ಹಾಗೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಆರ್ಸೇನಿಯೊ 1970ರ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಮರುವರ್ಷವೇ ಬ್ರೂಕ್ಲಿನ್ನಿನ ಯಹೂದಿ ಪಿಯಾನೊ ವಾದಕ ಲ್ಯಾರಿ ಹಾರ್ಲೊ, ಅವರ ಹೆಸರನ್ನೇ ಮುಖಪುಟದಲ್ಲಿ ಹಾಕಿ, ಗೌರವ ಸಲ್ಲಿಸುವ ಒಂದು ಇಡೀ ಎಲ್ಪಿ ತಂದರು. ಆರ್ಸೇನಿಯೊ ‘ಅದ್ಭುತ ಕುರುಡ’ ಎಂದು ಹೆಸರಾದವರು. ಹಾರ್ಲೊಗೆ ಜನ ‘ಅದ್ಭುತ ಯಹೂದಿ’ ಎಂದು ಹೆಸರಿಟ್ಟರು. ಗುರುವಿನ ಬಿರುದಿನ ನೆರಳೇ ಶಿಷ್ಯನ ಬಿರುದಾಯಿತು. ಪಡೆದದ್ದನ್ನು ಒಪ್ಪಿಕೊಂಡವನು ಸಣ್ಣವನಾಗಲಿಲ್ಲ.

ಸೀಲಿಯಾ ಕ್ರೂಸ್ ಅವರ ಕೂಗನ್ನೂ ಇಲ್ಲಿ ನೆನೆಯಬೇಕು. 1960ರಲ್ಲಿ ಕ್ಯೂಬಾ ಬಿಟ್ಟ ಈ ಗಾಯಕಿಗೆ 1962ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಅಲ್ಲಿಯ ಸರ್ಕಾರ ಬಿಡಲಿಲ್ಲ. 1974ರಲ್ಲಿ ಪಚೆಕೊ ಜೊತೆ ತಂದ ಎಲ್ಪಿಯಲ್ಲಿ ಆಕೆಯ ದನಿ ಕೊಂಗದ ಪೆಟ್ಟಿಗೇ ಸವಾಲು ಹಾಕುತ್ತದೆ. ವೇದಿಕೆಯಲ್ಲಿ ಆಕೆ ‘ಅಸೂಕರ್’ ಎಂದು ಕೂಗುತ್ತಿದ್ದರು, ಸಕ್ಕರೆ ಎಂದರ್ಥ. ನಮ್ಮ ಶರ್ಕರ ಪಾರಸಿಯಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಸ್ಪೇನಿನಲ್ಲಿ ಅಸೂಕರ್ ಆಯಿತು. ಕಬ್ಬು ಬೆಳೆಯುವ ನಮ್ಮ ತಾಲ್ಲೂಕುಗಳಿಗೆ ಆ ಪದ ಸಿಹಿ. ಆ ಸಿಹಿಗಾಗಿಯೇ ಮನುಷ್ಯರನ್ನು ಮಾರಿದ ನಾಡಿನಲ್ಲಿ ಅದನ್ನು ಕರಿಯ ಹೆಂಗಸೊಬ್ಬಳು ಕೂಗಿದರೆ ಅದರಲ್ಲಿ ಲೆಕ್ಕ ಕೇಳುವ ದನಿಯೂ ಇರುತ್ತದೆ.

ಸಂಗೀತ ಸಲ್ಲದು ಎನ್ನುವ ಹಿರಿಯರು ನಮ್ಮ ಸಮುದಾಯದಲ್ಲಿದ್ದಾರೆ. ಇಮಾಮ್ ಗಜಾಲಿ ತಮ್ಮ ‘ಇಹ್ಯಾ’ದಲ್ಲಿ ಸಮಾ ಕುರಿತೇ ಒಂದು ಭಾಗ ಬರೆದು, ಕೇಳುವವರ ಮನಸ್ಸನ್ನೂ ಸಂದರ್ಭವನ್ನೂ ನೋಡಿ ತೂಗಿದ್ದರು. ಅದರ ತೀರ್ಮಾನ ಉಲಮಾಗಳಿಗೆ ಬಿಟ್ಟದ್ದು. ನಮ್ಮ ಮಾತು ಅಮಾನತ್ತಿನದು. ಇನ್ನೊಬ್ಬರ ವಸ್ತು ನಮ್ಮ ಕೈಯಲ್ಲಿದ್ದರೆ ಅದು ಯಾರದೆಂದು ಹೇಳಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇದು ಶುದ್ಧ, ಅದು ಬೆರಕೆ ಎನ್ನುವವರು ಪಡೆದದ್ದನ್ನೇ ಅಲ್ಲಗಳೆಯುತ್ತಾರೆ. ಸಂಗೀತಕ್ಕೆ ಗಡಿಯಿಲ್ಲ, ಎಲ್ಲ ಒಂದೇ ಎಂದು ಕೈ ತೊಳೆಯುವವರು ಕೊಟ್ಟವರನ್ನು ಮರೆಯುತ್ತಾರೆ. ಇಬ್ಬರಿಂದಲೂ ನಷ್ಟ ಆರ್ಸೇನಿಯೊನಂಥವರಿಗೇ.

ಮುಸ್ಲಿಮರೂ ದಲಿತರೂ ಕೂಡಿ ನುಡಿಸುತ್ತಿದ್ದ ಆ ಬ್ಯಾಂಡ್‌ಸೆಟ್ಟುಗಳ ಜಾಗದಲ್ಲಿ ಈಗ ಹೆಚ್ಚಾಗಿ ಡಿಜೆ ಪೆಟ್ಟಿಗೆಗಳಿವೆ. ಮೆರವಣಿಗೆಯಲ್ಲಿ ಆ ಹಳೆಯ ಧಾಟಿಯನ್ನು ಊದಿದವರು ಫಾರ್ರೆಸ್ ಹೆಸರು ಕೇಳಿದವರಲ್ಲ. ನಾವೂ ಅವರ ಹೆಸರು ಕೇಳಲಿಲ್ಲ. ಲಗ್ನಪತ್ರಿಕೆಯಲ್ಲಿ ದೂರದ ನೆಂಟರ ಹೆಸರೆಲ್ಲ ಇರುತ್ತಿದ್ದವು, ಅವರದು ಇರುತ್ತಿರಲಿಲ್ಲ. ಹವಾನಾದವರ ಹೆಸರುಗಳನ್ನು ನಾವೀಗ ತಟ್ಟೆಗಳಿಂದ ಓದಿ ಕಲಿತಿದ್ದೇವೆ. ನಮ್ಮೂರಿನವರ ಹೆಸರು ತಟ್ಟೆಯಲ್ಲಿಲ್ಲ. ಅವರಲ್ಲಿ ಕೆಲವರಾದರೂ ಬದುಕಿರುವಾಗಲೇ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು.