ಕಾರ್ಯಸರಣಿಯ ಚಿತ್ರಲಿಪಿ: ಒಂದು ವಿಮರ್ಶೆ

ಕೆಲಸದ ಕ್ರಮವನ್ನು ಚಿತ್ರದಲ್ಲಿ ಬರೆದು ತೋರಿಸುವ ಪ್ರಯತ್ನಕ್ಕೆ ಒಂದು ಶತಮಾನದ ಇತಿಹಾಸವುಂಟು. ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ತಮ್ಮ ಪ್ರಕ್ರಿಯಾಪಟವನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟದ್ದು 1921ರಲ್ಲಿ. ಅದೇ ಸಂಘವು 1947ರಲ್ಲಿ ಐದೇ ಐದು ಚಿಹ್ನೆಗಳನ್ನು ಪ್ರಮಾಣವೆಂದು ಗೊತ್ತುಪಡಿಸಿತು: ಕ್ರಿಯೆಗೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ವಿಳಂಬಕ್ಕೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕೃತಿ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ. ಈ ಐದರಲ್ಲಿ ಕೊನೆಯ ಎರಡು, ಕೆಲಸವು ನಡೆಯದೆ ನಿಂತಿರುವ ಸ್ಥಿತಿಯನ್ನು ಸೂಚಿಸತಕ್ಕವು ಎಂಬ ಅಂಶವನ್ನು ಓದುಗರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ.

ಇಂದು ವ್ಯವಹಾರ ಪ್ರಕ್ರಿಯೆಗಳನ್ನು ಚಿತ್ರಿಸುವುದಕ್ಕೆ ಬಹುವಾಗಿ ಬಳಕೆಯಲ್ಲಿರುವುದು ಬಿ.ಪಿ.ಎಂ.ಎನ್. ಎಂಬ ಹ್ರಸ್ವನಾಮದ ಪದ್ಧತಿ. ಅದರ ಪ್ರಥಮ ಆವೃತ್ತಿ ಹೊರಬಂದದ್ದು 2004ರಲ್ಲಿ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆ ಅದನ್ನು 2006ರಲ್ಲಿ ಅಂಗೀಕರಿಸಿ, 2011ರಲ್ಲಿ ಎರಡನೆಯ ಆವೃತ್ತಿಯನ್ನು ಪ್ರಕಟಿಸಿತು. 2013ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಪ್ರಮಾಣದ ಮುದ್ರೆಯೂ ದೊರೆಯಿತು. ಘಟನೆಗೆ ವೃತ್ತ, ಕಾರ್ಯಕ್ಕೆ ಮೂಲೆ ದುಂಡಾದ ಆಯತ, ಕವಲಿಗೆ ವಜ್ರಾಕೃತಿ, ಇವುಗಳನ್ನು ಜೋಡಿಸುವ ಬಾಣಗಳು. ಇವಿಷ್ಟೇ ಅದರ ಮೂಲಧಾತುಗಳು. ಉಳಿದವೆಲ್ಲ ಇವುಗಳ ಮೇಲೆ ಹತ್ತಿದ ಪ್ರತ್ಯಯಗಳು.

ಈ ಪದ್ಧತಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಭಾಗವಹಿಸುವ ಪ್ರತಿಯೊಬ್ಬ ಪಕ್ಷಗಾರನಿಗೂ ಇದು ಒಂದೊಂದು ಅಂಕಣವನ್ನು ಕೊಡುತ್ತದೆ. ಅಂಕಣದೊಳಗೆ ಕ್ರಮವನ್ನು ವಿಧಿಸುವ ಅಖಂಡ ರೇಖೆಯ ಬಾಣವು ಅಂಕಣದ ಗಡಿಯನ್ನು ದಾಟಕೂಡದು. ದಾಟಬಹುದಾದದ್ದು ತುಂಡುರೇಖೆಯ ಸಂದೇಶಬಾಣ ಮಾತ್ರ. ಒಬ್ಬರ ಆಜ್ಞೆ ಇನ್ನೊಬ್ಬರ ಅಂಗಳದಲ್ಲಿ ನಡೆಯದೆಂಬ, ಅಲ್ಲಿಗೆ ಕಳುಹಿಸಬಹುದಾದದ್ದು ಕೇವಲ ವರ್ತಮಾನವೆಂಬ ವಿವೇಕವು ಇಲ್ಲಿ ವ್ಯಾಕರಣನಿಯಮವಾಗಿ ಪರಿಣಮಿಸಿದೆ. ಹಳೆಯ ಪ್ರವಾಹಚಿತ್ರಗಳಲ್ಲಿ ಅರ್ಜಿದಾರನೂ ಅಧಿಕಾರಿಯೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಾಣುತ್ತಿದ್ದರು.

ಗುಣವೂ ದೋಷವೂ ಒಟ್ಟಿಗೆ ತೋರುವ ಒಂದು ಉದಾಹರಣೆಯನ್ನು ನಮ್ಮ ರಾಜ್ಯದಿಂದಲೇ ಕೊಡಬಹುದು. 2011ರ ಅಧಿನಿಯಮದ ಆಧಾರದಿಂದ 2012ರ ಏಪ್ರಿಲ್ 2ರಂದು ಆರಂಭವಾದ ಸಕಾಲ ವ್ಯವಸ್ಥೆಯಲ್ಲಿ, ಅಧಿಸೂಚಿತವಾದ ಪ್ರತಿ ಸೇವೆಗೂ ಒಂದು ಗಡುವುಂಟು. ಗಡುವು ಮೀರಿದರೆ ಅರ್ಜಿದಾರನು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಪರಿಹಾರವನ್ನೂ ಪಡೆಯಬಹುದು. ಇದನ್ನು ಬಿ.ಪಿ.ಎಂ.ಎನ್.ನಲ್ಲಿ ಬರೆಯಬೇಕಾದರೆ, ಕಾರ್ಯವನ್ನು ಸೂಚಿಸುವ ಆಯತದ ಅಂಚಿನ ಮೇಲೆ ಗಡಿಯಾರವುಳ್ಳ ವೃತ್ತವೊಂದನ್ನು ಕೂರಿಸಬೇಕು. ಆ ವೃತ್ತದ ಜೋಡಿಗೆರೆ ಅಖಂಡವಾಗಿದ್ದರೆ, ಗಡುವು ಮುಗಿದೊಡನೆ ಒಳಗಿನ ಕೆಲಸವೇ ರದ್ದಾಗುತ್ತದೆ. ತುಂಡುಗೆರೆಯಾಗಿದ್ದರೆ ಕೆಲಸವೂ ಮುಂದುವರಿಯುತ್ತದೆ, ಹೊಸ ದಾರಿಯೂ ತೆರೆಯುತ್ತದೆ. ಅಧಿನಿಯಮದ ಆಶಯ ಎರಡನೆಯದು. ಅಖಂಡ ರೇಖೆಯನ್ನೆಳೆದವನು, ಕಚೇರಿ ತಡಮಾಡಿದ ತಪ್ಪಿಗೆ ಅರ್ಜಿದಾರನ ಅರ್ಜಿಯನ್ನೇ ವಜಾಮಾಡಿದಂತಾಯಿತು! ಇಷ್ಟು ಸೂಕ್ಷ್ಮವಾದ ಭೇದವನ್ನು ಹೇಳಬಲ್ಲ ಶಕ್ತಿ ಪ್ರಶಂಸನೀಯವೇ ಸರಿ. ಆದರೆ ಪ್ರಜೆಯೊಬ್ಬನ ಹಕ್ಕು ನಾಲ್ಕು ತುಂಡುಗೆರೆಗಳ ಮೇಲೆ ನಿಲ್ಲುವುದು, ಅದೂ ಮಸುಕಾದ ಪ್ರತಿಯಲ್ಲಿ ಆ ಗೆರೆಗಳು ಕೂಡಿಕೊಂಡು ಕಾಣುವ ಸಂಭವವಿರುವಾಗ, ಲಿಪಿಯ ದೌರ್ಬಲ್ಯವಲ್ಲವೆ?

ಇಂತಹ ದೌರ್ಬಲ್ಯಗಳು ಇನ್ನೂ ಉಂಟು. ಆರಂಭಕ್ಕೆ ತೆಳುಗೆರೆಯ ವೃತ್ತ, ಅಂತ್ಯಕ್ಕೆ ದಪ್ಪಗೆರೆಯ ವೃತ್ತ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವ ಅಧ್ಯಾಪಕನಿಗೆ ಈ ಭೇದವನ್ನು ಉಳಿಸುವುದು ಎಷ್ಟು ಕಷ್ಟವೆಂಬುದು ತಿಳಿದ ವಿಷಯ. ಅನೇಕ ದಾರಿಗಳಲ್ಲಿ ಒಂದನ್ನೇ ಆಯುವ ಕವಲನ್ನು ಗುಣಾಕಾರ ಚಿಹ್ನೆಯೊಡನೆಯೂ ಬರೆಯಬಹುದು, ಖಾಲಿ ವಜ್ರವಾಗಿಯೂ ಬಿಡಬಹುದು. ಅರ್ಥ ಒಂದೇ, ರೂಪ ಎರಡು. ಡೇನಿಯಲ್ ಮೂಡಿ ಎಂಬ ವಿದ್ವಾಂಸರು 2009ರ ತಮ್ಮ ಪ್ರಬಂಧದಲ್ಲಿ ಒಂದು ಅರ್ಥಕ್ಕೆ ಒಂದೇ ಚಿಹ್ನೆಯಿರಬೇಕೆಂದು ವಿಧಿಸಿದ ಲಕ್ಷಣವು ಇಲ್ಲಿ ಭಂಗವಾಗಿದೆ. ಬಳಕೆದಾರರಂತೂ ತಮ್ಮ ತೀರ್ಪನ್ನು ಮೌನವಾಗಿ ಕೊಟ್ಟಿದ್ದಾರೆ: ಮುಯೆಹ್ಲೆನ್ ಮತ್ತು ರೆಕರ್ 2008ರಲ್ಲಿ 120 ಚಿತ್ರಗಳನ್ನು ಪರಿಶೀಲಿಸಿ, ಈ ಪದ್ಧತಿಯ ಶಬ್ದಭಂಡಾರದಲ್ಲಿ ಐದನೆಯ ಒಂದು ಭಾಗವೂ ವಾಡಿಕೆಯಲ್ಲಿಲ್ಲವೆಂದು ಕಂಡರು.

ಚಿಹ್ನೆಗಳು ಹೆಚ್ಚಾದುವೆಂಬುದಕ್ಕಿಂತ ನನಗೆ ದೊಡ್ಡದೆಂದು ತೋರುವ ಆಕ್ಷೇಪ ಬೇರೆ. ಇಷ್ಟೆಲ್ಲ ಚಿಹ್ನೆಗಳ ನಡುವೆ 1947ರ ಆ ಎರಡು ಚಿಹ್ನೆಗಳು ಎಲ್ಲಿ ಹೋದುವು? ಗಡಿಯಾರದ ವೃತ್ತವುಂಟಲ್ಲ ಎಂದು ಪ್ರತಿವಾದಿಗಳು ಹೇಳಬಹುದು. ಆದರೆ ಅದು ವಿಧಿಸಿದ ಕಾಯುವಿಕೆ. ‘ಏಳು ದಿನ ತಾಳಿ, ಬಳಿಕ ನೆನಪೋಲೆ ಕಳುಹಿಸಿ’ ಎಂಬಂತಹ ಉದ್ದೇಶಪೂರ್ವಕವಾದ ವಿರಾಮ. ಯಾರೂ ವಿಧಿಸದೆ, ಕೇವಲ ಸರದಿ ಬರಲಿಲ್ಲವೆಂಬ ಕಾರಣಕ್ಕೆ ಕಡತವು ಮೇಜಿನ ಮೇಲೆ ಮಲಗಿರುವ ಸ್ಥಿತಿಗೆ ಈ ಲಿಪಿಯಲ್ಲಿ ಅಕ್ಷರವೇ ಇಲ್ಲ. ಒಂದು ಆಯತದಿಂದ ಇನ್ನೊಂದು ಆಯತಕ್ಕೆ ಎಳೆದ ಬಾಣವು ಅರೆ ಅಂಗುಲವಿರಬಹುದು. ಅದರೊಳಗೆ ಮೂರು ವಾರಗಳು ಅಡಗಿರಬಹುದು. ಗಣಕದ ದಾಖಲೆಗಳಿಂದ ಈ ಕಾಲವನ್ನು ಬೇರೆಯಾಗಿ ಅಳೆಯಬಹುದೆಂಬುದು ನಿಜ. ಆದರೂ ಸಭೆಯಲ್ಲಿ ಮೇಜಿನ ಮೇಲೆ ಹರಡುವುದು ಚಿತ್ರ. ಚಿತ್ರದಲ್ಲಿ ಕಾಣದ ವಿಳಂಬವನ್ನು ಕುರಿತು ಅಲ್ಲಿ ಪ್ರಶ್ನೆಯೂ ಏಳುವುದಿಲ್ಲ. ಕಾರ್ಖಾನೆಯ ಸರಕು ಬಿದ್ದಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಆದುದರಿಂದ ಅದಕ್ಕೆ ಚಿಹ್ನೆ ಹುಟ್ಟಿತು. ಗಣಕದೊಳಗಿನ ಅರ್ಜಿ ಬಿದ್ದಿರುವುದು ಯಾರಿಗೂ ಕಾಣದೆ ಚಿಹ್ನೆಯೂ ಲೋಪವಾಯಿತೆಂದು ಊಹಿಸಬಹುದು.

ಇನ್ನೊಂದು ಮಾತು, ಮುಖ್ಯವಾಗಿ ಅಧ್ಯಾಪಕರನ್ನು ಉದ್ದೇಶಿಸಿ. ವಜ್ರಾಕೃತಿಯು ನಿರ್ಧರಿಸುವುದಿಲ್ಲ, ಮೊದಲೇ ಆಗಿರುವ ನಿರ್ಧಾರಕ್ಕನುಸಾರವಾಗಿ ದಾರಿ ತೋರುತ್ತದೆ, ಅಷ್ಟೆ. ವಿದ್ಯಾರ್ಥಿಯು ಅದರೊಳಗೆ ‘ಅರ್ಹನೇ?’ ಎಂದು ಬರೆದು ಮುಂದೆ ಸಾಗಿದನೆಂದರೆ, ಅರ್ಹತೆಯನ್ನು ಪರಿಶೀಲಿಸಿ ಷರಾ ಬರೆದು ರುಜುಮಾಡಿದ ಮನುಷ್ಯನು ಚಿತ್ರದಿಂದ ಮಾಯವಾಗುತ್ತಾನೆ. ಅರ್ಜಿ ತಿರಸ್ಕೃತವಾದವನು ಯಾರನ್ನು ಕೇಳಬೇಕು? ವಜ್ರದ ಹಿಂದೆ ‘ಅರ್ಹತೆಯ ಪರಿಶೀಲನೆ’ ಎಂಬ ಆಯತವನ್ನು, ಅದೂ ಆ ಅಧಿಕಾರಿಯ ಪದನಾಮವುಳ್ಳ ಪಟ್ಟಿಯಲ್ಲಿಯೇ, ಬರೆಸತಕ್ಕದ್ದು. ಪಟ್ಟಿಗಳ ಅರ್ಥವನ್ನು ಪ್ರಮಾಣಗ್ರಂಥವು ಚಿತ್ರಕಾರನ ಇಚ್ಛೆಗೆ ಬಿಟ್ಟಿರುವುದರಿಂದ ಈ ಎಚ್ಚರ ಇನ್ನಷ್ಟು ಅವಶ್ಯಕ. ಒಬ್ಬನು ಅಲ್ಲಿ ಶಾಖೆಯ ಹೆಸರು ಬರೆದರೆ ಮತ್ತೊಬ್ಬನು ತಂತ್ರಾಂಶದ ಹೆಸರು ಬರೆಯುತ್ತಾನೆ.

ಇರುವ ಆಕೃತಿಗಳಿಗೆ ವಿರೋಧ ಬಾರದಂತೆ ಹೊಸ ಪೂರಕಚಿಹ್ನೆಗಳನ್ನು ಸೇರಿಸಿಕೊಳ್ಳಲು ಎರಡನೆಯ ಆವೃತ್ತಿಯು ಅನುಮತಿ ಕೊಡುತ್ತದೆ. ಹೀಗಿರುವಾಗ ಗಿಲ್‌ಬ್ರೆತ್ ಪರಂಪರೆಯ ತಲೆಕೆಳಗಾದ ತ್ರಿಕೋನವನ್ನು ತರಗತಿಯ ಅಭ್ಯಾಸಗಳಲ್ಲಿ ಮರಳಿ ತರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ನಾಡಕಚೇರಿಗೆ ಬಂದ ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಚಿತ್ರಿಸುವಾಗ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ, ತಹಸೀಲ್ದಾರ ಈ ಮೂವರ ಕಾರ್ಯಗಳ ಹಿಂದೆಯೂ ಒಂದೊಂದು ತ್ರಿಕೋನವನ್ನು ಬರೆಯಿಸಿ, ಅದರೊಳಗೆ ಅರ್ಜಿ ಅಲ್ಲಿ ಕಾದ ದಿನಗಳ ಸಂಖ್ಯೆಯನ್ನು ತುಂಬಿಸಬಹುದು.