ಹೃದಯಲಯ ಲೇಖಕಗಳ ನಿಖರತೆ: ಒಂದು ಅಂಕಿಯ ವಿಮರ್ಶೆ

ಹೃದಯದ ಬಡಿತವನ್ನು ದೀರ್ಘಕಾಲ ಬರೆದಿಡುವ ಪ್ರಯತ್ನಕ್ಕೆ ತನ್ನದೇ ಆದ ಚರಿತ್ರೆಯುಂಟು. ಅಮೆರಿಕದ ಮೊಂಟಾನಾ ಸಂಸ್ಥಾನದ ನಾರ್ಮನ್ ಹೋಲ್ಟರ್ ೧೯೪೦ರ ದಶಕದ ಕೊನೆಯಲ್ಲಿ ರೂಪಿಸಿದ ಯಂತ್ರವನ್ನು ಬೆನ್ನಮೇಲೆ ಹೊರಬೇಕಾಗಿತ್ತು. ಅದರ ತೂಕ ಸುಮಾರು ೩೮ ಕಿಲೋಗ್ರಾಂ. ಇಂದು ಎದೆಯ ಚರ್ಮದಡಿಯಲ್ಲಿ ಸೇರಿಸುವ, ಕಿರುಬೆರಳಿಗಿಂತ ಸಣ್ಣದಾದ ಲೇಖಕವು ಅದೇ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತದೆ. ಆದರೆ ಈ ಯಂತ್ರದ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಆಕರಗಳನ್ನು ಒರೆಗೆ ಹಚ್ಚುವುದೇ ಇತಿಹಾಸದ ಕಸುಬಾದುದರಿಂದ ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಇಂತಹ ಲೇಖಕಗಳು ಅರಸುವ ದೋಷಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬುದು ಮುಖ್ಯವಾದುದು. ಹೃದಯದ ಮೇಲಣ ಕೋಣೆಗಳು ಕ್ರಮತಪ್ಪಿ ಕಂಪಿಸುವ ಈ ಸ್ಥಿತಿಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹರಿದರೆ ಪಾರ್ಶ್ವವಾಯು ಬಡಿಯಬಹುದು. ಹೆಪ್ಪುಗಟ್ಟದಂತೆ ತಡೆಯುವ ಔಷಧಗಳಿವೆ; ಅವುಗಳಿಂದ ರಕ್ತಸ್ರಾವದ ಭಯವೂ ಉಂಟು. ಆದಕಾರಣ ಇರುವ ದೋಷವನ್ನು ಯಂತ್ರ ಕಾಣದಿದ್ದರೂ ಅಪಾಯ, ಇಲ್ಲದ ದೋಷವನ್ನು ಇದೆಯೆಂದರೂ ಅಪಾಯ.

ರಿವೀಲ್ ಎಕ್ಸ್‌ಟಿ ಎಂಬ ಲೇಖಕವನ್ನು ಪರೀಕ್ಷಿಸಿದ ಎಕ್ಸ್‌ಪೆಕ್ಟ್ ಅಧ್ಯಯನ ೨೦೧೦ರಲ್ಲಿ ಪ್ರಕಟವಾಯಿತು. ಯಂತ್ರದ ವರದಿಯನ್ನು ೪೬ ಗಂಟೆಗಳ ಹೋಲ್ಟರ್ ಲೇಖದೊಡನೆ ಹೋಲಿಸಿ, ಒಟ್ಟು ನಿಖರತೆ ಶೇಕಡ ೯೮.೫ ಎಂದು ಅದು ಸಾರಿತು. ಈ ಅಂಕಿ ಸುಳ್ಳಲ್ಲ. ಆದರೆ ಅದು ಎಣಿಸಿದ್ದು ಕಾಲವನ್ನು, ರೋಗಿಗಳನ್ನಲ್ಲ. ದೋಷವಿಲ್ಲದ ಕಾಲವೇ ಬಹುಪಾಲಾದಾಗ ಸುಮ್ಮನಿದ್ದ ಯಂತ್ರವೂ ಕಾಲದ ಲೆಕ್ಕದಲ್ಲಿ ಹೆಚ್ಚು ಅಂಕ ಗಳಿಸಬಲ್ಲುದು. ರೋಗಿಗಳನ್ನು ಎಣಿಸಿದರೆ ಅದೇ ಅಧ್ಯಯನದ ಚಿತ್ರ ಬೇರೆಯಾಗುತ್ತದೆ. ಲೆಕ್ಕಕ್ಕೆ ದೊರೆತ ೨೦೬ ಮಂದಿಯಲ್ಲಿ ೭೬ ಮಂದಿಗೆ ಆ ಅವಧಿಯಲ್ಲಿ ದೋಷ ಕಂಡಿತ್ತು. ಯಂತ್ರ ಅವರಲ್ಲಿ ೭೩ ಮಂದಿಯನ್ನು ಗುರುತಿಸಿತು. ಉಳಿದ ೧೩೦ ಮಂದಿಯಲ್ಲಿ ೧೯ ಮಂದಿಗೂ ದೋಷವಿದೆಯೆಂದಿತು. ಎಂದರೆ, ಎಚ್ಚರಿಕೆ ಬಂದ ೯೨ ಮಂದಿಯಲ್ಲಿ ಸುಮಾರು ಐವರಿಗೊಬ್ಬರಂತೆ ಸುಳ್ಳೆಚ್ಚರಿಕೆ.

ಇದಕ್ಕಿಂತ ಗಹನವಾದ ಮಾತು ಇನ್ನೊಂದಿದೆ. ಆ ಅಧ್ಯಯನಕ್ಕೆ ಆರಿಸಿಕೊಂಡಿದ್ದವರು ದೋಷದ ಸಂಭವ ಹೆಚ್ಚಾಗಿದ್ದವರು. ದೋಷ ವಿರಳವಾದೆಡೆ ಅದೇ ಯಂತ್ರವನ್ನು ಬಳಸಿದರೆ ಏನಾದೀತು? ಸಾವಿರ ಮಂದಿಯಲ್ಲಿ ನೂರು ಮಂದಿಗೆ ಮಾತ್ರ ದೋಷವಿದೆಯೆಂದು ಭಾವಿಸೋಣ. ಮೇಲಿನ ಪ್ರಮಾಣಗಳಂತೆಯೇ ನಡೆದರೆ ೯೬ ಮಂದಿಗೆ ನಿಜವಾದ ಎಚ್ಚರಿಕೆಯೂ ೧೩೨ ಮಂದಿಗೆ ಸುಳ್ಳೆಚ್ಚರಿಕೆಯೂ ಬರುತ್ತವೆ. ಯಂತ್ರ ಬದಲಾಗಿಲ್ಲ; ಆದರೂ ಅದರ ಮಾತು ನಿಜವಾಗುವ ಸಂಭವ ಅರ್ಧಕ್ಕಿಂತ ಕೆಳಗಿಳಿಯಿತು.

ತಪ್ಪಿನ ಮೂಲ ತಿಳಿಯದುದೇನಲ್ಲ. ಯಂತ್ರವು ಪ್ರಧಾನವಾಗಿ ನೋಡುವುದು ಬಡಿತ ಬಡಿತಗಳ ನಡುವಣ ಅಂತರ ಕ್ರಮತಪ್ಪುವುದನ್ನು. ಅಕಾಲದಲ್ಲಿ ಬೀಳುವ ಬಿಡಿಬಡಿತಗಳೂ ಆ ಅಂತರವನ್ನು ಕೆಡಿಸುತ್ತವೆ. ಆದ್ದರಿಂದ ಮುಂದಿನ ಮಾದರಿಗಳು, ಮೇಲಣ ಕೋಣೆಗಳು ಕ್ರಮವಾಗಿ ನಡೆಯುತ್ತಿರುವುದನ್ನು ಸೂಚಿಸುವ 'ಪಿ' ಅಲೆಯನ್ನೂ ಹುಡುಕತೊಡಗಿದವು. ಕೃತಕ ಬುದ್ಧಿಮತ್ತೆಯಿಂದ ಸುಳ್ಳೆಚ್ಚರಿಕೆಗಳನ್ನು ಬೇರ್ಪಡಿಸುವ ಕ್ರಮಕ್ಕೂ ೨೦೨೧ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವು ಸ್ವಾಗತಾರ್ಹ, ಏಕೆಂದರೆ ಸುಳ್ಳು ವರದಿಗಳ ರಾಶಿಯಲ್ಲಿ ನಿಜವಾದುದೂ ವೈದ್ಯರ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಕಣದಲ್ಲಿ ತೂರುವವನು ಜೊಳ್ಳೆಷ್ಟು ಹಾರಿತೆಂದು ಹೇಳಿದರೆ ಸಾಲದು. ಅದರೊಡನೆ ಗಟ್ಟಿಕಾಳೆಷ್ಟು ಹೋಯಿತೆಂಬುದನ್ನೂ ಹೇಳಬೇಕು.

ಅಂಕಿಯೂ ಒಂದು ಆಕರವೇ. ಯಾರಲ್ಲಿ, ಏನನ್ನು ಎಣಿಸಿ, ಯಾವುದರೊಡನೆ ಹೋಲಿಸಿ ಬಂದುದೆಂದು ಕೇಳದೆ ಅದನ್ನು ಒಪ್ಪುವುದು, ಕಾಲದೇಶಗಳು ತಿಳಿಯದ ಶಾಸನವನ್ನು ಪ್ರಮಾಣವೆಂದು ಹಿಡಿದಂತೆ. ನಿಖರತೆ ಹೆಚ್ಚಿತೆಂದು ಸಾರುವ ಪ್ರತಿಯೊಂದು ಪ್ರಬಂಧವೂ ಕಾಲದ ಲೆಕ್ಕ, ರೋಗಿಗಳ ಲೆಕ್ಕ, ಕೈಬಿಟ್ಟುಹೋದ ನಿಜವಾದ ದೋಷಗಳ ಲೆಕ್ಕ, ಈ ಮೂರನ್ನೂ ಒಟ್ಟಿಗೆ ಓದುಗರ ಮುಂದಿಡಬೇಕೆಂಬುದು ನಮ್ಮ ಅಭಿಪ್ರಾಯ.